ಘಟ್ಟ ಇಳಿದು ಬಂದವರು, ಕಡಲಂಚು ಬಿಟ್ಟವರು: ಪಂಚಾಯತ್, ನಗರಸಭೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬರ, ನೆರೆ, ಕಡಲ್ಕೊರೆತ, ಗುಡ್ಡೆ ಕುಸಿತದಿಂದ ಊರು ಬಿಟ್ಟವರ ಬಗ್ಗೆ ದಕ್ಷಿಣ ಕನ್ನಡ ಮತ್ತು ಉಡುಪಿಯ ಪಂಚಾಯತ್ ಸದಸ್ಯರು, ಪಿಡಿಒಗಳು (ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳು), ಪಾಲಿಕೆ ಸಿಬ್ಬಂದಿ, ವಾರ್ಡ್ ಸಮಿತಿಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಹೊಸ ಯೋಜನೆ ಬರಲಿ ಅಂತ ಕಾಯುತ್ತಿರುವವರಿಗೆ ಇದರಲ್ಲಿ ಜಾಸ್ತಿ ಏನೂ ಸಿಗಲಿಕ್ಕಿಲ್ಲ. ಈಗಾಗಲೇ ಇರುವ ಯೋಜನೆಗಳು "ನಿಮ್ಮ ವಿಳಾಸ ಎಲ್ಲಿಯದು?" ಎಂಬ ಪ್ರಶ್ನೆಗೆ ಬಂದು ಯಾಕೆ ನಿಂತುಬಿಡುತ್ತವೆ, ಅದನ್ನು ದಾಟಿಸಲು ಸ್ಥಳೀಯ ಆಡಳಿತ ಏನು ಮಾಡಬಹುದು ಅನ್ನೋದೇ ಇಲ್ಲಿನ ವಿಷಯ.

ಹವಾಮಾನದ ಕಾರಣಕ್ಕೆ ವಲಸೆ ಬಂದವರು ಅಂತ ನಮ್ಮ ಊರಲ್ಲಿ ಯಾರಿದ್ದಾರೆ?

ಇದ್ದಾರೆ, ನೀವು ಅವರನ್ನು ಆ ಹೆಸರಿನಿಂದ ಕರೆಯುವುದಿಲ್ಲ, ಅಷ್ಟೇ.

ಒಂದು, ಘಟ್ಟದ ಮೇಲಿನಿಂದ ಬಂದವರು. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ರಾಯಚೂರು, ಹಾವೇರಿ ಕಡೆಯ ಕುಟುಂಬಗಳು. ಸೆಂಟ್ರಿಂಗ್, ಗಾರೆ, ಪೈಪ್‌ಲೈನ್ ಅಗೆತ, ರಸ್ತೆ ಕೆಲಸ ಇವರದ್ದು. ಅವರ ಊರಲ್ಲಿ ಇದಕ್ಕೆ ಗುಳೆ ಹೋಗುವುದು ಅಂತಾರೆ.

ಎರಡು, ಹೊರರಾಜ್ಯದವರು. ಮಲ್ಪೆ ಮತ್ತು ಮಂಗಳೂರಿನ ಬಂದರುಗಳಲ್ಲಿ ಬೋಟಿನ ಮೇಲೆ, ಮೀನಿನ ಕೆಲಸದಲ್ಲಿ, ಹೋಟೆಲುಗಳಲ್ಲಿ ಒಡಿಶಾ, ಆಂಧ್ರ, ಜಾರ್ಖಂಡ್, ಬಿಹಾರ, ಬಂಗಾಳದ ಹುಡುಗರನ್ನು ನೀವೇ ನೋಡಿರುತ್ತೀರಿ. ಚಂಡಮಾರುತ, ನದಿ ಕೊರೆತ ಕಂಡ ಊರುಗಳಿಂದ ಬಂದವರು ಅವರಲ್ಲಿ ಸಾಕಷ್ಟು ಜನ.

ಮೂರನೆಯವರನ್ನು ಎಲ್ಲರೂ ಮರೆಯುತ್ತಾರೆ. ಅವರು ನಮ್ಮವರೇ. ಉಳ್ಳಾಲದ ಮೊಗವೀರಪಟ್ಣ, ಸೋಮೇಶ್ವರದ ಉಚ್ಚಿಲ, ಮಲ್ಪೆ ಪಡುಕರೆ, ಮರವಂತೆಯಂಥ ಕಡೆ ಕಡಲು ಹತ್ತಿರ ಬಂದ ಹಾಗೆ ಮನೆ ಖಾಲಿ ಮಾಡಿ ನೆಂಟರ ಮನೆಗೋ ಬಾಡಿಗೆ ಮನೆಗೋ ಹೋದವರು. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ಗುಡ್ಡೆ ಮಳೆಗೆ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂತಲ್ಲ, ಆಗ ಜಾಗ ಬಿಟ್ಟ ಕುಟುಂಬಗಳೂ ಈ ಪಟ್ಟಿಯವೇ. ಕಸದ ಗುಡ್ಡೆಯನ್ನು ಮಳೆ ಕಟ್ಟಲಿಲ್ಲ, ಕಟ್ಟಿದ್ದು ನಗರ. ಮಳೆ ಅದನ್ನು ಜಾರಿಸಿತು.

ಅವರು ಬಂದದ್ದು ಇಲ್ಲಿ ಕೂಲಿ ಜಾಸ್ತಿ ಅಂತ. ಇದರಲ್ಲಿ ಹವಾಮಾನ ಎಲ್ಲಿಂದ ಬಂತು?

ಎರಡೂ ನಿಜ. 2023ರಲ್ಲಿ ರಾಜ್ಯ ಸರಕಾರ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಅಂದರೆ ಹೆಚ್ಚು ಕಡಿಮೆ ಇಡೀ ರಾಜ್ಯ. ಅದಕ್ಕೂ ಮೊದಲು 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ತುಂಬಿ ಬಂದು ಬೆಳಗಾವಿ, ಬಾಗಲಕೋಟೆಯ ಊರೂರೇ ನೀರಲ್ಲಿ ನಿಂತಿದ್ದವು. ಒಂದೇ ಹೊಲ ಒಂದು ವರ್ಷ ಮುಳುಗುತ್ತದೆ, ಇನ್ನೊಂದು ವರ್ಷ ಒಣಗುತ್ತದೆ. ಆ ಮನೆಯವರನ್ನು ಕೇಳಿದರೆ "ಸಾಲ ಆಗಿತ್ರೀ, ದುಡಿಯಾಕ ಬಂದ್ವಿ" ಅಂತಾರೆಯೇ ಹೊರತು ಹವಾಮಾನ ಬದಲಾವಣೆ ಅಂತ ಯಾರೂ ಹೇಳುವುದಿಲ್ಲ. ಬೋರ್‌ವೆಲ್ ಬತ್ತಿತು, ಎರಡನೆಯದು ಕೊರೆಸಲು ಸಾಲ ಮಾಡಿದರು, ಅದರಲ್ಲೂ ನೀರು ಸಿಗಲಿಲ್ಲ. ಸಾಲಕ್ಕೆ ಕಾರಣ ಹುಡುಕುತ್ತಾ ಹೋದರೆ ಮಳೆಗೇ ಬಂದು ನಿಲ್ಲುತ್ತೀರಿ.

ಸರಕಾರದ ಲೆಕ್ಕದಲ್ಲೂ ಇದು ಕಾಣುವುದಿಲ್ಲ. 2011ರ ಜನಗಣತಿ ಊರು ಬಿಟ್ಟ ಕಾರಣ ಕೇಳಿದಾಗ ಕೊಟ್ಟ ಆಯ್ಕೆಗಳು ಕೆಲಸ, ವ್ಯಾಪಾರ, ಓದು, ಮದುವೆ ಇಂಥವು. ಬರಕ್ಕೆ ಊರು ಬಿಟ್ಟವರೂ "ಕೆಲಸ" ಎಂಬ ಮನೆಯಲ್ಲೇ ಸೇರಿಹೋದರು.

ನಿಮ್ಮ ಕೆಲಸಕ್ಕೆ ಇದು ದೊಡ್ಡ ತೊಡಕಲ್ಲ. ಯಾರು ಹವಾಮಾನದ ಕಾರಣಕ್ಕೆ ಬಂದರು, ಯಾರು ಸುಮ್ನೆ ಕೂಲಿಗೆ ಬಂದರು ಅಂತ ಪ್ರಮಾಣಪತ್ರ ಕೊಡುವ ಕೆಲಸ ಪಂಚಾಯತ್‌ದಲ್ಲ. ಮಗುವಿಗೆ ಲಸಿಕೆ ಹಾಕಲು ಅಪ್ಪನ ಹೊಲ ಯಾಕೆ ಒಣಗಿತು ಅಂತ ಗೊತ್ತಿರಬೇಕಿಲ್ಲ. ಆದರೆ ಕಾರಣ ಗೊತ್ತಿದ್ದರೆ ಒಂದು ಲಾಭ ಇದೆ: ಈ ವರ್ಷ ಎಷ್ಟು ಜನ ಬರಬಹುದು ಅಂತ ಮೊದಲೇ ಅಂದಾಜು ಮಾಡಬಹುದು. ಆಗಸ್ಟ್–ಸೆಪ್ಟೆಂಬರಲ್ಲಿ ಬಯಲುಸೀಮೆಗೆ ಮಳೆ ಕೈಕೊಟ್ಟ ಸುದ್ದಿ ಬಂದರೆ ದೀಪಾವಳಿ ಕಳೆದ ಮೇಲೆ ನಿಮ್ಮ ವಾರ್ಡಿನಲ್ಲಿ ಶೆಡ್‌ಗಳು ಜಾಸ್ತಿಯಾಗುತ್ತವೆ.

ಇದು ಕಾರ್ಮಿಕ ಇಲಾಖೆಯ ಕೆಲಸ ಅಲ್ವಾ?

ಸ್ವಲ್ಪ ಮಾತ್ರ. 1979ರ ವಲಸೆ ಕಾರ್ಮಿಕರ ಕಾಯ್ದೆ ರಾಜ್ಯದ ಗಡಿ ದಾಟಿ ಬಂದವರಿಗೆ ಮಾತ್ರ ಇತ್ತು. 2020ರ ಹೊಸ ಕಾರ್ಮಿಕ ಸಂಹಿತೆಯಲ್ಲೂ ವಲಸೆ ಕಾರ್ಮಿಕ ಅಂದರೆ ಹೊರರಾಜ್ಯದವನೇ. ಬಾಗಲಕೋಟೆಯ ಹುನಗುಂದದಿಂದ ಮಂಗಳೂರಿನ ಸುರತ್ಕಲ್‌ಗೆ ಬಂದವರು ಆ ಲೆಕ್ಕದಲ್ಲಿ ವಲಸಿಗರೇ ಅಲ್ಲ. ಅವರ ಕುಡಿಯುವ ನೀರು, ಶೌಚಾಲಯ, ಕಸ, ಅಂಗನವಾಡಿ, ಶಾಲೆ ಎಲ್ಲವೂ ಕೊನೆಗೆ ಬರುವುದು ಪಂಚಾಯತ್ ಮತ್ತು ನಗರಸಭೆಯ ಬಾಗಿಲಿಗೇ. 2005ರ ವಿಪತ್ತು ನಿರ್ವಹಣಾ ಕಾಯ್ದೆಯೂ ಸ್ಥಳೀಯ ಸಂಸ್ಥೆಗಳಿಗೆ ಬೇರೆಯಾಗಿಯೇ ಹೊಣೆ ಹೊರಿಸಿದೆ. ಅದಕ್ಕೆ 2025ರಲ್ಲಿ ತಿದ್ದುಪಡಿ ಬಂದ ಮೇಲೆ ಮಹಾನಗರ ಪಾಲಿಕೆ ಇರುವ ನಗರಕ್ಕೆ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಲು ರಾಜ್ಯಕ್ಕೆ ಅವಕಾಶ ಸಿಕ್ಕಿದೆ. ಮಂಗಳೂರು ಆ ಲೆಕ್ಕಕ್ಕೆ ಬರುತ್ತದೆ.

ಮೊದಲು ಏನು ಮಾಡಬೇಕು?

ಎಣಿಸಬೇಕು. ಅದೂ ಸರಿಯಾದ ತಿಂಗಳಲ್ಲಿ.

ಜೂನ್‌ನಲ್ಲಿ ಎಣಿಸಿದರೆ ನಿಮಗೆ ಯಾರೂ ಸಿಗುವುದಿಲ್ಲ. ಮಳೆ ಹಿಡಿದರೆ ಕಟ್ಟಡದ ಕೆಲಸ ನಿಲ್ಲುತ್ತದೆ, ಘಟ್ಟದ ಮೇಲಿನವರು ಬಿತ್ತನೆಗೆ ಊರಿಗೆ ಹೋಗುತ್ತಾರೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಹಾಗಾಗಿ ಬೋಟಿನವರೂ ಇರುವುದಿಲ್ಲ. ನವೆಂಬರ್ ಕೊನೆಗೆ ಒಮ್ಮೆ, ಮಾರ್ಚ್–ಏಪ್ರಿಲಲ್ಲಿ ಇನ್ನೊಮ್ಮೆ ಎಣಿಸಿದರೆ ಸರಿಯಾದ ಚಿತ್ರ ಸಿಗುತ್ತದೆ. ಮಳೆಗಾಲದಲ್ಲೂ ಹೋಗದೆ ಉಳಿಯುವವರು ಯಾರು ಅಂತ ಜುಲೈಯಲ್ಲಿ ನೋಡಿ. ಊರಲ್ಲಿ ಹೊಲವೇ ಇಲ್ಲದವರು, ಮನೆ ಬಿದ್ದವರು ಅವರಲ್ಲಿ ಜಾಸ್ತಿ ಇರುತ್ತಾರೆ. ಹೆಚ್ಚು ಗಮನ ಬೇಕಾದವರೂ ಅವರೇ.

ಇದಕ್ಕೆ ಹೊಸ ಸಿಬ್ಬಂದಿ ಬೇಡ. ಆಶಾ ಕಾರ್ಯಕರ್ತೆಯರಿಗೆ, ಕಸದ ಗಾಡಿಯವರಿಗೆ, ಸೊಸೈಟಿಯ ರೇಷನ್ ಕೊಡುವವರಿಗೆ ಯಾವ ಮೂಲೆಯಲ್ಲಿ ಎಷ್ಟು ಶೆಡ್ ಎದ್ದಿದೆ ಅಂತ ನಮಗಿಂತ ಚೆನ್ನಾಗಿ ಗೊತ್ತು. ಬೆಳಿಗ್ಗೆ ಏಳಕ್ಕೆ ಕೂಲಿಗೆ ಜನ ನಿಲ್ಲುವ ಜಾಗಕ್ಕೆ ಹೋಗಿ. ಪ್ರತಿ ಪೇಟೆಗೂ ಅಂಥದ್ದೊಂದು ಜಾಗ ಇರುತ್ತದೆ. ಬುತ್ತಿ ಚೀಲ ಹಿಡಿದು ನಿಂತ ಹೆಂಗಸರನ್ನು ಕೇಳಿದರೆ, ಮೇಸ್ತ್ರಿ ಕೊಡುವ ಲೆಕ್ಕಕ್ಕಿಂತ ನಿಜವಾದ ಲೆಕ್ಕ ಸಿಗುತ್ತದೆ. ಮೇಸ್ತ್ರಿ ಮಕ್ಕಳನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ.

ಒಂದು ಪುಟದ ನಮೂನೆ ಸಾಕು. ಊರು, ತಾಲ್ಲೂಕು. ಯಾವ ತಿಂಗಳು ಬಂದಿರಿ, ಯಾವಾಗ ಹೋಗುತ್ತೀರಿ. ಮಕ್ಕಳು ಎಷ್ಟು, ಯಾವ ಕ್ಲಾಸು. ಬಸುರಿ, ಬಾಣಂತಿ ಇದ್ದಾರಾ, ತಾಯಿ ಕಾರ್ಡ್ ಇದೆಯಾ. ರೇಷನ್ ಕಾರ್ಡ್ ಕೈಯಲ್ಲಿದೆಯಾ ಅಥವಾ ಊರಲ್ಲಿ ಅಜ್ಜ–ಅಜ್ಜಿ ಹತ್ತಿರ ಇದೆಯಾ. ಊರಲ್ಲಿ ಹೊಲ, ಮನೆ ಏನಾಯಿತು. ಈ ಕೊನೆಯ ಪ್ರಶ್ನೆಯನ್ನು ಕೊನೆಗೇ ಕೇಳಿ. ಮೊದಲೇ ಕೇಳಿದರೆ ಪರಿಹಾರ ಬರುತ್ತದೆ ಅಂತ ಆಸೆ ಹುಟ್ಟುತ್ತದೆ.

ಈ ಪಟ್ಟಿ ಪೊಲೀಸರ ಕೈಗೆ ಹೋಗುತ್ತದೆ ಅಂತ ಜನ ಹೆದರುತ್ತಾರೆ. ಏನು ಮಾಡೋಣ?

ಹೆದರುವುದು ಸಹಜ. ಹಾಗಾಗಿ ಆಧಾರ್ ನಂಬರ್ ಬರೆದುಕೊಳ್ಳಬೇಡಿ, ಬೆರಳಚ್ಚು ಕೇಳಬೇಡಿ, ಫೋಟೊ ತೆಗೆಯಬೇಡಿ. ಸಭೆಗೆ ಹೋಗುವ ಕಾಗದದಲ್ಲಿ ಹೆಸರು ಇರಬೇಕಿಲ್ಲ, ಸಂಖ್ಯೆ ಸಾಕು. ಬಾಡಿಗೆದಾರರ ಮಾಹಿತಿ ಸಂಗ್ರಹ ಪೊಲೀಸರ ಬೇರೆ ಕೆಲಸ. ಎರಡನ್ನೂ ಒಂದೇ ದಿನ, ಒಂದೇ ಜೀಪಿನಲ್ಲಿ ಹೋಗಿ ಮಾಡಿದರೆ ಮುಂದಿನ ಸಲ ಶೆಡ್‌ಗೆ ಬೀಗ ಬಿದ್ದಿರುತ್ತದೆ.

ಅವರಲ್ಲಿ ಹೊರದೇಶದವರು ಇದ್ದರೆ?

ಅದನ್ನು ಪತ್ತೆ ಮಾಡುವವರು ಬೇರೆ ಇದ್ದಾರೆ. ಬಂಗಾಳಿ ಮಾತಾಡುವವರೆಲ್ಲ ಗಡಿಯಾಚೆಯವರು ಅಂತ ತೀರ್ಮಾನಿಸಿ ನೀರಿನ ಕನೆಕ್ಷನ್ ಕಡಿಯುವುದು ಪಂಚಾಯತ್ ಕೆಲಸ ಅಲ್ಲ. ಈ ದೇಶದ ನಾಗರಿಕರಿಗೆ ದೇಶದ ಯಾವ ಭಾಗದಲ್ಲಾದರೂ ಓಡಾಡುವ, ನೆಲೆಸುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆ.

ವಿಳಾಸದ ದಾಖಲೆ ಇಲ್ಲದವರಿಗೆ ನಾವು ಏನು ಕೊಡಬಹುದು?

ಎಲ್ಲ ಗಂಟುಗಳ ತುದಿ ಇಲ್ಲೇ ಇರುವುದು. ಶೆಡ್‌ಗೆ ಮನೆ ನಂಬರ್ ಇಲ್ಲ. ಬಾಡಿಗೆ ಕೋಣೆಗೆ ಕರಾರು ಪತ್ರ ಇಲ್ಲ. ತೆರಿಗೆ ಜಾಸ್ತಿಯಾಗುತ್ತದೆ ಅಂತಲೋ, ನಾಳೆ ಬಿಡದೆ ಕೂತರೆ ಅಂತಲೋ ಮನೆ ಮಾಲೀಕರು ಬರೆದುಕೊಡುವುದಿಲ್ಲ. ದಾಖಲೆ ಇಲ್ಲದೆ ಗ್ಯಾಸ್ ಸಂಪರ್ಕ, ಬ್ಯಾಂಕ್ ಖಾತೆ, ಕಾರ್ಮಿಕ ಕಾರ್ಡ್ ಎಲ್ಲದಕ್ಕೂ ಓಡಾಟ.

"ಈ ಕುಟುಂಬ ಇಂಥ ತಿಂಗಳಿಂದ ನಮ್ಮ ವಾರ್ಡಿನ ಇಂಥ ಜಾಗದಲ್ಲಿ ವಾಸವಾಗಿದೆ" ಎಂಬ ಎರಡು ಸಾಲಿನ ಪತ್ರ ಕೊಡುವುದಕ್ಕೆ ಪಂಚಾಯತ್‌ಗೆ ಖರ್ಚಿಲ್ಲ. ಇದು ಜಾಗದ ಹಕ್ಕಿನ ಪತ್ರ ಅಲ್ಲ ಅಂತ ಅದರಲ್ಲೇ ಬರೆಯಿರಿ, ಮಾಲೀಕರ ಹೆದರಿಕೆಯೂ ಹೋಗುತ್ತದೆ. ಎಲ್ಲ ಇಲಾಖೆಯೂ ಇದನ್ನು ಒಪ್ಪುತ್ತದೆ ಅಂತ ಹೇಳಲಾಗುವುದಿಲ್ಲ. ಆದರೆ ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರದಲ್ಲಿ ಬಾಗಿಲು ತೆರೆಯಲು ಸಾಕು. ತಾಲ್ಲೂಕು ಮಟ್ಟದ ಕೆಡಿಪಿ ಸಭೆಯಲ್ಲಿ (ಎಲ್ಲ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆ) ಉಳಿದ ಇಲಾಖೆಗಳೂ ಒಪ್ಪುವಂತೆ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು.

ಬೇರೆ ಜಿಲ್ಲೆಯ ಕಾರ್ಡಿಗೆ ಇಲ್ಲಿ ರೇಷನ್ ಸಿಗುತ್ತದಾ?

ಸಿಗಬೇಕು. ರಾಜ್ಯದ ಒಳಗೂ, ಹೊರರಾಜ್ಯದ ಕಾರ್ಡಿಗೂ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಗೆ ಕರ್ನಾಟಕ 2020ರ ಜನವರಿಯಲ್ಲೇ ಸೇರಿತು.

ತೊಂದರೆ ಇರುವುದು ಕಾನೂನಲ್ಲಿ ಅಲ್ಲ, ಅಂಗಡಿಯ ಮೇಜಿನ ಮೇಲೆ. ವರ್ಷಗಟ್ಟಲೆ ಸಿಮೆಂಟ್ ಕಲಸಿದವರ ಹೆಬ್ಬೆಟ್ಟಿನ ಗೆರೆ ಸವೆದಿರುತ್ತದೆ. ಮೆಷಿನ್ ಒಮ್ಮೆ ತೆಗೆದುಕೊಳ್ಳುವುದಿಲ್ಲ, ಇನ್ನೊಮ್ಮೆ ತೆಗೆದುಕೊಳ್ಳುವುದಿಲ್ಲ. ಆಕೆ ಸೆರಗಿಗೆ ಬೆರಳು ಒರೆಸಿ ಮತ್ತೆ ಇಡುತ್ತಾಳೆ, ತಲೆಗೆ ಉಜ್ಜಿ ಎಣ್ಣೆ ತಾಗಿಸಿ ಇಡುತ್ತಾಳೆ. ಹಿಂದೆ ನಿಂತವರು ಗೊಣಗುತ್ತಾರೆ. "ನಾಳೆ ಬನ್ನಿ" ಅಂತಾರೆ. ನಾಳೆ ಬಂದರೆ ಒಂದು ದಿನದ ಕೂಲಿ ಹೋಯಿತು, ಆ ಕೂಲಿಗೆ ಸಿಗುವ ಅಕ್ಕಿ ಈ ರೇಷನ್ನಿಗಿಂತ ಜಾಸ್ತಿ. ಹಾಗಾಗಿ ಅವರು ನಾಳೆ ಬರುವುದಿಲ್ಲ. ಬೇರೆ ಬೆರಳು ಇಡಿಸಿ ನೋಡುವುದು, ಒಟಿಪಿ ಕೇಳುವುದು, ಭಾನುವಾರ ಬೆಳಿಗ್ಗೆಯೋ ಸಂಜೆಯೋ ಅಂಗಡಿ ತೆರೆದಿಡುವುದು: ಇವಕ್ಕೆ ಆಹಾರ ನಿರೀಕ್ಷಕರ ಜೊತೆ ಒಂದು ಮಾತು ಆಡಿದರೆ ಆಗುತ್ತದೆ.

ಇನ್ನೊಂದು ವಿಷಯ. ಕಾರ್ಡ್ ಊರಲ್ಲಿ ಹಿರಿಯರ ಹತ್ತಿರ ಇರುತ್ತದೆ, ಇಲ್ಲಿ ತೆಗೆದುಕೊಂಡರೆ ಅಲ್ಲಿ ಅಜ್ಜಿಗೆ ಸಿಗುವುದಿಲ್ಲ ಅಂತ ಎಷ್ಟೋ ಜನ ಹೆದರಿ ಕೇಳುವುದೇ ಇಲ್ಲ. ದೇಶದ ಈ ಯೋಜನೆಯ ಪ್ರಕಾರ ಪಾಲಿನ ಒಂದಷ್ಟನ್ನು ಇಲ್ಲಿ, ಉಳಿದದ್ದನ್ನು ಊರಲ್ಲಿ ತೆಗೆದುಕೊಳ್ಳಬಹುದು. ಇದನ್ನು ಅಂಗಡಿಯ ಮುಂದೆ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿಸಿ.

ಕುಚಲಕ್ಕಿಯ ಸೀಮೆಯಲ್ಲಿ ಜೋಳದ ರೊಟ್ಟಿಯವರು ಏನು ಮಾಡುತ್ತಾರೆ ಅಂತ ಕೇಳಬೇಡಿ. ಸಂತೆಯಲ್ಲಿ ಜೋಳ ಕೊಳ್ಳುತ್ತಾರೆ.

ಶಕ್ತಿ, ಗೃಹಜ್ಯೋತಿ ಅವರಿಗೂ ಇದೆಯಲ್ಲ?

ಇದೆ. ಬಾಗಲಕೋಟೆಯಿಂದ ಮಂಗಳೂರಿಗೆ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಹೆಂಗಸರು ಟಿಕೆಟಿಗೆ ದುಡ್ಡು ಕೊಡಬೇಕಿಲ್ಲ. ಇಲ್ಲಿ ಇಳಿದ ಮೇಲೆ ಕಥೆ ಬೇರೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ದಿನಾ ಕೆಲಸಕ್ಕೆ ಹೋಗಿ ಬರಲು ದುಡ್ಡು ಕೊಡಲೇಬೇಕು. ಗೃಹಜ್ಯೋತಿ ಗೃಹ ಬಳಕೆಯ ಮೀಟರ್ ಇರುವ ಬಾಡಿಗೆ ಮನೆಯವರಿಗೆ ಸಿಗುತ್ತದೆ. ಕಟ್ಟಡದ ಕೆಲಸಕ್ಕೆ ಪಡೆದ ತಾತ್ಕಾಲಿಕ ಕನೆಕ್ಷನ್‌ನಿಂದ ಎಳೆದ ಶೆಡ್‌ನ ಬಲ್ಬಿಗೆ ಸಿಗುವುದಿಲ್ಲ.

ಮಕ್ಕಳನ್ನು ನಡುವರ್ಷದಲ್ಲಿ ಶಾಲೆಗೆ ಸೇರಿಸಿಕೊಳ್ಳಲೇಬೇಕಾ? ಟಿಸಿ ಇರುವುದಿಲ್ಲ.

ಸೇರಿಸಿಕೊಳ್ಳಲೇಬೇಕು. ಇಲ್ಲಿ ಮುಖ್ಯೋಪಾಧ್ಯಾಯರಿಗಿಂತ ಮೊದಲು ಹೊಣೆ ಬರುವುದು ನಿಮಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಸೆಕ್ಷನ್ ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದ ತನಕದ ಮಕ್ಕಳ ದಾಖಲೆ ಇಡುವುದು ಅದರಲ್ಲಿ ಒಂದು. ವಲಸೆ ಕುಟುಂಬದ ಮಕ್ಕಳ ದಾಖಲಾತಿ ಆಗುವಂತೆ ನೋಡಿಕೊಳ್ಳುವುದು ಇನ್ನೊಂದು. ಅಷ್ಟು ಸ್ಪಷ್ಟವಾಗಿ ವಲಸೆ ಎಂಬ ಮಾತು ಸ್ಥಳೀಯ ಆಡಳಿತದ ಹೆಸರಲ್ಲಿ ಬರೆದಿರುವ ಕಾನೂನು ಕಡಿಮೆ. ಟಿಸಿ ತಡವಾಯಿತು, ಹುಟ್ಟಿದ ದಿನಾಂಕದ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಬೇಕು.

ಊರ ಶಾಲೆಯ ಸ್ಯಾಟ್ಸ್ ನಂಬರ್ (ಸರಕಾರದ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಇರುವ ಸಂಖ್ಯೆ) ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು. ಆ ನಂಬರಿನ ಮೇಲೆಯೇ ದಾಖಲೆ ಇಲ್ಲಿಗೆ ಬರುತ್ತದೆ. ಮೇ ಕೊನೆಗೆ ಊರಿಗೆ ಹೊರಡುವಾಗ ಮಗುವಿನ ಹೆಸರು ತೆಗೆದುಹಾಕದೆ, ಆ ಊರ ಶಾಲೆಗೆ ವರ್ಗಾಯಿಸಿ ಅಂತ ಶಿಕ್ಷಕರಿಗೆ ಹೇಳಿ.

ನಮ್ಮ ಕಡೆ ಎಷ್ಟೋ ಸರಕಾರಿ ಕನ್ನಡ ಶಾಲೆಗಳು ಇವತ್ತು ಬಾಗಿಲು ಹಾಕದೆ ಉಳಿದಿರುವುದೇ ಈ ಮಕ್ಕಳಿಂದ. ಊರವರ ಮಕ್ಕಳು ಇಂಗ್ಲಿಷ್ ಮೀಡಿಯಂ ವ್ಯಾನ್ ಹತ್ತಿದ್ದಾರೆ. ಅಂಗಳದಲ್ಲಿ ತುಳು, ಬ್ಯಾರಿ, ಲಂಬಾಣಿ, ಉತ್ತರ ಕರ್ನಾಟಕದ ಕನ್ನಡ ಎಲ್ಲ ಒಟ್ಟಿಗೆ ಕೇಳುತ್ತದೆ. ಒಂದು ವರ್ಷ ಕಳೆದರೆ ಆ ಮಕ್ಕಳು ನಮ್ಮ ಮಕ್ಕಳಿಗಿಂತ ಚೆನ್ನಾಗಿ ತುಳು ಮಾತಾಡುತ್ತಾರೆ.

ಚಿಕ್ಕವರಿಗೆ ಅಂಗನವಾಡಿ ಇದೆ. ಗ್ರಾಮ ಪಂಚಾಯತ್‌ಗಳಲ್ಲಿ ಕೂಸಿನ ಮನೆ (ಪಂಚಾಯತ್ ನಡೆಸುವ ಶಿಶುಪಾಲನಾ ಕೇಂದ್ರ) ಇದ್ದರೆ ಕಟ್ಟಡ ಕೆಲಸದ ತಾಯಂದಿರ ಮಕ್ಕಳಿಗೂ ಅಲ್ಲಿ ಜಾಗ ಮಾಡಲು ಆಗುತ್ತದಾ ಅಂತ ಸಭೆಯಲ್ಲಿ ಕೇಳಿ. ಜೆಸಿಬಿ ಓಡಾಡುವ ಜಾಗದಲ್ಲಿ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸುವುದು ನೋಡಿದವರು ಇದಕ್ಕೆ ಬೇಡ ಅನ್ನುವುದಿಲ್ಲ.

ಶೆಡ್‌ಗಳ ಬಗ್ಗೆ ನಮಗೆ ಯಾವ ಅಧಿಕಾರ ಇದೆ?

ಕಟ್ಟಡದ ಪರವಾನಗಿ ನಿಮ್ಮ ಕೈಯಲ್ಲಿದೆ. ಅದಕ್ಕಿಂತ ದೊಡ್ಡ ಹಿಡಿತ ಬೇರೆ ಇಲ್ಲ.

1996ರ ಕಟ್ಟಡ ಕಾರ್ಮಿಕರ ಕಾಯ್ದೆ ಕೆಲಸದ ಜಾಗದಲ್ಲಿ ಕುಡಿಯುವ ನೀರು, ಶೌಚಾಲಯ, ಉಳಿಯಲು ತಾತ್ಕಾಲಿಕ ವಸತಿ ಕೊಡಬೇಕು ಅಂದಿತು. ಐವತ್ತಕ್ಕಿಂತ ಜಾಸ್ತಿ ಹೆಂಗಸರು ಕೆಲಸಕ್ಕಿದ್ದರೆ ಶಿಶುಪಾಲನಾ ಕೋಣೆಯೂ ಬೇಕು ಅಂದಿತು. ಅದನ್ನು ನೋಡುವ ಅಧಿಕಾರಿ ಕಾರ್ಮಿಕ ಇಲಾಖೆಯವರು. ಆದರೆ ನಕ್ಷೆ ಮಂಜೂರು ಮಾಡುವಾಗ "ಕಾರ್ಮಿಕರ ಶೆಡ್ ಎಲ್ಲಿ, ಶೌಚಾಲಯ ಎಲ್ಲಿ, ತೋರಿಸಿ" ಅಂತ ಕೇಳಲು ನಿಮಗೆ ಯಾರ ಅಪ್ಪಣೆಯೂ ಬೇಡ. ಹನ್ನೆರಡು ಮಹಡಿಯ ನಕ್ಷೆಯಲ್ಲಿ ಕಾರು ನಿಲ್ಲಿಸುವ ಜಾಗ ಅಳತೆ ಸಮೇತ ಇರುತ್ತದೆ. ಅದನ್ನು ಕಟ್ಟುವವರು ಎರಡು ವರ್ಷ ಎಲ್ಲಿ ಮಲಗುತ್ತಾರೆ ಅಂತ ಇರುವುದಿಲ್ಲ.

ಶೆಡ್ ಎಲ್ಲಿ ಹಾಕುತ್ತಾರೆ ಅನ್ನೋದು ಮಳೆಗಾಲದಲ್ಲಿ ಜೀವದ ಪ್ರಶ್ನೆ. ಕೆಂಪು ಮಣ್ಣಿನ ಗುಡ್ಡೆಯನ್ನು ನೇರ ಕಡಿದು, ಅದರ ಬುಡಕ್ಕೇ ತಗಡು ನಿಲ್ಲಿಸುತ್ತಾರೆ. ತಗಡು ಹಾರದ ಹಾಗೆ ಮೇಲೆ ಕೆಂಪು ಕಲ್ಲು, ಸೋರದ ಹಾಗೆ ನೀಲಿ ಟರ್ಪಾಲು. 2024ರ ಜುಲೈಯಲ್ಲಿ ಮಂಗಳೂರಿನ ಬಲ್ಮಠದಲ್ಲಿ ಮಣ್ಣು ಕುಸಿದು ಕೆಲಸದವರು ಸಿಕ್ಕಿಬಿದ್ದು ಒಬ್ಬರು ತೀರಿಕೊಂಡರು. ಮೇ ತಿಂಗಳಲ್ಲೇ ಒಮ್ಮೆ ಎಂಜಿನಿಯರ್ ಜೊತೆ ಸುತ್ತು ಹಾಕಿ ಕಡಿದ ಗುಡ್ಡೆಯ ಬುಡದಲ್ಲಿರುವ ಶೆಡ್‌ಗಳನ್ನು ಸರಿಸಿ. ಸರಿಸಿ ಅಂದೆ, ಕೆಡವಿ ಅಂತಲ್ಲ. ಕೆಡವಿದರೆ ಇನ್ನೊಂದು ಗುಡ್ಡೆಯ ಬುಡಕ್ಕೆ ಹೋಗುತ್ತಾರೆ.

ಹಣ ಎಲ್ಲಿಂದ ತರುವುದು?

ನೇರವಾಗಿ ಹೇಳುವುದಾದರೆ, ವಲಸಿಗರಿಗೆ ಅಂತಲೇ ಬರುವ ಅನುದಾನ ಇಲ್ಲ. ಅನುದಾನದ ಲೆಕ್ಕ ಈಗಲೂ 2011ರ ಜನಗಣತಿಯ ಮೇಲೆ ನಿಂತಿದೆ. ಆಮೇಲೆ ಬಂದವರು ನಿಮ್ಮ ನೀರು ಕುಡಿಯುತ್ತಾರೆ, ಆದರೆ ನಿಮ್ಮ ಅನುದಾನದಲ್ಲಿ ಇಲ್ಲ. ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಮಾರ್ಚ್ ನಮ್ಮ ಕಡೆ ಕೆಲಸದ ಕಾಲ, ಶೆಡ್‌ಗಳು ತುಂಬಿರುತ್ತವೆ. ಎಣಿಕೆದಾರರು ಶೆಡ್‌ಗಳಿಗೂ ಹೋಗುವ ಹಾಗೆ ನೋಡಿಕೊಳ್ಳುವುದು ನಿಮ್ಮ ಸ್ವಾರ್ಥಕ್ಕೂ ಒಳ್ಳೆಯದೇ.

ಅಲ್ಲಿಯ ತನಕ ಇರುವುದರಲ್ಲೇ ಹುಡುಕಬೇಕು. ನಗರ ಸಂಸ್ಥೆಗಳಲ್ಲಿ ಪರಿಶಿಷ್ಟರ ಕಲ್ಯಾಣಕ್ಕೆ ಶೇ 24.10, ಇತರ ಬಡವರಿಗೆ ಶೇ 7.25 ಮೀಸಲಿಡುವ ನಿಯಮ ಇದೆ. ಘಟ್ಟದ ಮೇಲಿನಿಂದ ಬಂದವರಲ್ಲಿ ಲಂಬಾಣಿ, ಭೋವಿ, ಮಾದಿಗ ಕುಟುಂಬಗಳು ಬಹಳ. ಒಬ್ಬೊಬ್ಬರಿಗೆ ಸೌಲಭ್ಯ ಕೊಡಲು ಜಾತಿ ಪತ್ರ, ವಿಳಾಸ ಅಂತ ತೊಡಕಾಗಬಹುದು. ಅವರಿರುವ ಜಾಗಕ್ಕೆ ದೀಪ, ನಳ್ಳಿ, ಶೌಚಾಲಯ ಕೊಡುವುದು ಸುಲಭ.

ಕಟ್ಟಡದ ಸೆಸ್ ಇನ್ನೊಂದು. ಕಟ್ಟಡ ವೆಚ್ಚದ ಶೇ 1ನ್ನು ಪರವಾನಗಿ ಕೊಡುವಾಗ ನೀವೇ ವಸೂಲಿ ಮಾಡಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಕಳಿಸುತ್ತೀರಿ. ಆ ದುಡ್ಡು ನಿಮ್ಮದಲ್ಲ, ನಿಜ. ಆದರೆ "ನಮ್ಮ ವಾರ್ಡಿನಿಂದ ಇಷ್ಟು ಹೋಗಿದೆ, ನಮ್ಮ ವಾರ್ಡಿನಲ್ಲಿ ಇಷ್ಟು ಕಾರ್ಮಿಕರಿದ್ದಾರೆ, ನೋಂದಣಿ ಶಿಬಿರ ಇಲ್ಲೇ ಮಾಡಿ" ಅಂತ ಲೆಕ್ಕ ಹಿಡಿದು ಕೇಳುವ ಹಕ್ಕು ನಿಮ್ಮದು. ನೋಂದಣಿಗೆ ವಯಸ್ಸು 18ರಿಂದ 60, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಆ 90 ದಿನಕ್ಕೆ ಸಹಿ ಹಾಕುವವರು ಸಿಗದೆಯೇ ಬಹಳಷ್ಟು ಅರ್ಜಿ ಬಿದ್ದುಹೋಗುತ್ತವೆ. ಕೆಲಸ ಮಾಡದವರ ಕೈಯಲ್ಲಿ ಕಾರ್ಡ್ ಇರುವುದೂ ಎಲ್ಲರಿಗೂ ಗೊತ್ತಿರುವ ವಿಷಯ. ಶಿಬಿರವನ್ನು ಸೈಟಿನಲ್ಲೇ ಮಾಡಿದರೆ ಎರಡಕ್ಕೂ ಮದ್ದು.

ಅವರಿಗೆ ಇಲ್ಲಿ ಓಟೇ ಇಲ್ಲ. ನಮ್ಮ ಓಟುದಾರರು ಏನನ್ನುತ್ತಾರೆ?

ಅನ್ನುತ್ತಾರೆ, ಸಂಶಯ ಬೇಡ. ಮುಂಬಯಿಗೆ ಹೋಗಿ ಹೋಟೆಲಲ್ಲಿ ದುಡಿದು ಊರಲ್ಲಿ ಮನೆ ಕಟ್ಟಿದವರ ಮಕ್ಕಳೂ ಅನ್ನುತ್ತಾರೆ. ವಾದ ಮಾಡಿ ಗೆಲ್ಲುವ ಬದಲು ನಿಮ್ಮ ಓಟುದಾರರಿಗೂ ಲಾಭ ಕಾಣುವ ಕೆಲಸದಿಂದ ಶುರುಮಾಡಿ. ಮಲೇರಿಯಾ ಒಳ್ಳೆಯ ಉದಾಹರಣೆ. ಮಂಗಳೂರು ದಶಕಗಳ ಕಾಲ ರಾಜ್ಯದ ಮಲೇರಿಯಾ ಪಟ್ಟಿಯಲ್ಲಿ ಮೇಲೆಯೇ ಇತ್ತು. ಕಟ್ಟಡದ ಸೈಟಿನಲ್ಲಿ ನಿಂತ ನೀರು, ಅಲ್ಲೇ ಸೊಳ್ಳೆ ಪರದೆ ಇಲ್ಲದೆ ಮಲಗುವ ಕೆಲಸದವರು. ಅವರಿಗೆ ರಕ್ತ ಪರೀಕ್ಷೆ ಮಾಡಿ ಪೂರ್ತಿ ಮಾತ್ರೆ ಕೊಟ್ಟಾಗ ಪಕ್ಕದ ಬಂಗಲೆಯವರ ಜ್ವರವೂ ಕಡಿಮೆಯಾಯಿತು. ಸೊಳ್ಳೆ ಓಟರ್ ಲಿಸ್ಟ್ ನೋಡುವುದಿಲ್ಲ.

ಒಂದೇ ಜಾಗದಲ್ಲಿ ವರ್ಷಗಳಿಂದ ಇರುವವರು ಬಯಸಿದರೆ ಓಟನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು, ಫಾರಂ 8 ಇದೆ. ಹೆಚ್ಚಿನವರು ಬಯಸುವುದಿಲ್ಲ. ಊರಿನ ಓಟು ಅವರಿಗೆ ಊರಿನ ಮನೆಯಷ್ಟೇ ಮುಖ್ಯ.

ಮೇ ತಿಂಗಳಲ್ಲಿ ನಮಗೇ ನೀರಿಲ್ಲ!

ನಿಜ. ನಾಲ್ಕು ತಿಂಗಳು ಸುರಿದು ಹೋಗುವ ಸೀಮೆಯಲ್ಲಿ ಬೇಸಿಗೆಗೆ ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿಯುತ್ತದೆ, ಉಡುಪಿಗೆ ಕೊಡುವ ಬಜೆಯಲ್ಲೂ ಇಳಿಯುತ್ತದೆ. 2019ರಲ್ಲಿ ಮಂಗಳೂರು, ಉಡುಪಿ ಎರಡೂ ಕಡೆ ಸರದಿಯ ಮೇಲೆ ನೀರು ಬಿಟ್ಟರು. ಆಗ ಮೊದಲು ಒಣಗುವುದು ನಳ್ಳಿಯೇ ಇಲ್ಲದ ಶೆಡ್‌ಗಳು. ಟ್ಯಾಂಕರ್ ರೂಟು ಹಾಕುವಾಗ ಅವನ್ನೂ ಸೇರಿಸಿ. ಏಪ್ರಿಲ್‌ನ ಎಣಿಕೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಕಡಲ್ಕೊರೆತದಲ್ಲಿ ಮನೆ ಹೋದವರಿಗೆ ಪಂಚಾಯತ್ ಏನು ಮಾಡಬಹುದು?

ಕಷ್ಟದ ಪ್ರಶ್ನೆ. ಹೆಚ್ಚು ಕಡಿಮೆ ಪ್ರತಿ ವರ್ಷವೂ ಮಂತ್ರಿಗಳು ಬರುತ್ತಾರೆ, ಕಲ್ಲು ಹಾಕುತ್ತೇವೆ ಅನ್ನುತ್ತಾರೆ, ಕಲ್ಲು ಬೀಳುತ್ತದೆ, ಮುಂದಿನ ವರ್ಷ ಕಲ್ಲೂ ಕಡಲಿಗೆ. ಉಳ್ಳಾಲದಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಕಡಲೊಳಗೇ ತಡೆಗಳನ್ನು ಕಟ್ಟಿದರು. ಒಂದು ಕಡೆ ಕಟ್ಟಿದರೆ ಅಲೆಯ ಪೆಟ್ಟು ಪಕ್ಕದ ಊರಿಗೆ ಸರಿಯುತ್ತದೆ ಅನ್ನೋದು ಮೀನುಗಾರರ ಅನುಭವ. ಅಳಿವೆಯ ಬಾಯಲ್ಲಿ ತಡೆಗೋಡೆ ಕಟ್ಟಿದರೆ ಮರಳಿನ ಓಡಾಟ ಬದಲಾಗುತ್ತದೆ ಅಂತ ತಜ್ಞರೂ ಹೇಳುತ್ತಾರೆ. ಅರಬ್ಬಿ ಸಮುದ್ರ ಬಿಸಿಯಾಗಿ ಚಂಡಮಾರುತಗಳು ಜಾಸ್ತಿಯಾಗಿರುವುದು ಇದರ ಜೊತೆಗೆ ಸೇರಿತು. 2021ರ ಮೇಯಲ್ಲಿ ತೌಕ್ತೆ ಬಂದಾಗ ಮಳೆಗಾಲ ಶುರುವಾಗುವ ಮೊದಲೇ ಕಡಲು ಮನೆಯೊಳಗೆ ಬಂದಿತ್ತು.

ಪರಿಹಾರದ ಹಾದಿಯಲ್ಲಿ ಒಂದು ಕಂದಕ ಇದೆ. ರಾಜ್ಯ ವಿಪತ್ತು ನಿಧಿಯಿಂದ ನೆರವು ಕೊಡಲು ಕೇಂದ್ರ ಗುರುತಿಸಿದ ವಿಪತ್ತುಗಳಲ್ಲಿ ಚಂಡಮಾರುತ, ನೆರೆ, ಭೂಕುಸಿತ, ಬರ ಎಲ್ಲ ಇವೆ. ಕಡಲ್ಕೊರೆತ ಇಲ್ಲ. ಚಂಡಮಾರುತದ ದಿನ ಗೋಡೆ ಬಿದ್ದರೆ ಒಂದು ದಾರಿ, ದಿನಾ ಇಷ್ಟಿಷ್ಟೇ ಅಂಗಳ ಹೋಗಿ ಕೊನೆಗೆ ಮನೆ ಹೋದರೆ ಬೇರೆ ದಾರಿ. ನಿಧಿಯ ಶೇ 10ರ ತನಕ ರಾಜ್ಯವೇ ಘೋಷಿಸಿದ ಸ್ಥಳೀಯ ವಿಪತ್ತುಗಳಿಗೆ ಬಳಸಬಹುದು. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಕೊರೆತದಿಂದ ಜಾಗ ಕಳೆದುಕೊಂಡವರ ಪುನರ್ವಸತಿಗೆ ಅಂತಲೇ ದೇಶಕ್ಕೆ 1,000 ಕೋಟಿ ರೂಪಾಯಿ ಹೇಳಿತ್ತು. ಇಂಥ ಹಣಕ್ಕೆ ಅರ್ಜಿ ಹೋಗುವುದು ಜಿಲ್ಲೆಯಿಂದ. ಅರ್ಜಿಗೆ ಆಧಾರ ಬೇಕಾದದ್ದು ಪಂಚಾಯತ್‌ನಿಂದ.

ಆ ಆಧಾರವೇ ಇರುವುದಿಲ್ಲ. ಜೂನ್‌ನಲ್ಲಿ ಸಾಮಾನು ಎತ್ತಿಕೊಂಡು ಅಕ್ಕನ ಮನೆಗೆ ಹೋಗುತ್ತಾರೆ, ಸೆಪ್ಟೆಂಬರಲ್ಲಿ ವಾಪಸ್ ಬರುತ್ತಾರೆ. ಮೂರನೇ ವರ್ಷ ವಾಪಸ್ ಬರಲು ಮನೆ ಇರುವುದಿಲ್ಲ. ಮೊದಲ ಎರಡು ಸಲ ಹೋದದ್ದು ಎಲ್ಲೂ ದಾಖಲಾಗಿರುವುದಿಲ್ಲ. ಪ್ರತಿ ಮೇಯಲ್ಲಿ ಮನೆಯ ಗೋಡೆಯಿಂದ ಭರತದ ಗೆರೆಗೆ ಎಷ್ಟು ದೂರ ಅಂತ ಟೇಪ್ ಹಿಡಿದು ಅಳೆದು, ಫೋಟೊ ತೆಗೆದು, ರಿಜಿಸ್ಟರಿನಲ್ಲಿ ಬರೆದಿಡಿ. ಯಾರು ಎಷ್ಟು ದಿನ ಎಲ್ಲಿಗೆ ಹೋಗಿದ್ದರು ಅಂತಲೂ ಬರೆದಿಡಿ.

ಸ್ಥಳಾಂತರ ಅಂದಾಗ ಜನ ಯಾಕೆ ಒಪ್ಪುವುದಿಲ್ಲ ಅನ್ನೋದೂ ಗೊತ್ತಿರಲಿ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಬಲೆ ಎಲ್ಲಿ ಇಡುವುದು? ಕೈರಂಪಣಿಯವರು (ದಡದಿಂದಲೇ ಬಲೆ ಎಳೆಯುವವರು) ಮೀನು ಬಂದದ್ದನ್ನು ದಡದಲ್ಲಿ ನಿಂತೇ ನೋಡಬೇಕು. ಮೀನುಗಾರರ ದೈವ ಬೊಬ್ಬರ್ಯನ ಗುಡಿ, ಒಣಮೀನು ಹರಡುವ ಅಂಗಳ, ನಾಲ್ಕು ತೆಂಗು, ಇವನ್ನೆಲ್ಲ ಬಿಟ್ಟು ಹತ್ತು ಕಿಲೋಮೀಟರ್ ಆಚೆ ಹೋಗು ಅಂದರೆ ಯಾರು ಹೋಗುತ್ತಾರೆ? ಒಂದೆರಡು ಕಿಲೋಮೀಟರ್ ಒಳಗೆ ಸರಕಾರಿ ಜಾಗ ಹುಡುಕುವುದು, ದಡದಲ್ಲಿ ಬಲೆ ಮನೆಗೆ ಜಾಗ ಉಳಿಸುವುದು, ಒಂದು ಕೇರಿಯವರನ್ನು ಒಟ್ಟಿಗೆ ಇಡುವುದು: ಈ ಮೂರು ಇಲ್ಲದೆ ಗ್ರಾಮಸಭೆಗೆ ಹೋಗಬೇಡಿ.

ಮಳೆಗಾಲದ ಕಾಳಜಿ ಕೇಂದ್ರಕ್ಕೆ ಕೂಲಿಯವರೂ ಬರಬಹುದಾ?

ಬರಬಹುದು. ಕಾರ್ಡ್ ತೋರಿಸಿ ಅನ್ನುವ ಹಾಗಿಲ್ಲ. 1077ಕ್ಕೆ ಫೋನ್ ಮಾಡಿದರೆ ಜಿಲ್ಲಾ ಕಂಟ್ರೋಲ್ ರೂಮ್ ಸಿಗುತ್ತದೆ ಅಂತ ಶೆಡ್‌ಗಳಲ್ಲಿ ಹಿಂದಿ, ಕನ್ನಡ ಎರಡರಲ್ಲೂ ಅಂಟಿಸಿ.

ಬೇರೆ ಕಡೆ ಯಾರಾದರೂ ಇದನ್ನು ಮಾಡಿದ್ದಾರಾ?

ದೂರ ಹೋಗಬೇಕಿಲ್ಲ. ತಲಪಾಡಿ ದಾಟಿದರೆ ಕೇರಳ. ಅಲ್ಲಿ ಪುನರ್ಗೇಹಂ ಯೋಜನೆಯಲ್ಲಿ ಭರತದ ಗೆರೆಯಿಂದ 50 ಮೀಟರ್ ಒಳಗಿನ ಮೀನುಗಾರ ಕುಟುಂಬಗಳಿಗೆ ಜಾಗ ಮತ್ತು ಮನೆಗೆ ಸೇರಿ 10 ಲಕ್ಷ ರೂಪಾಯಿ ಕೊಡುತ್ತಾರೆ. ಜಾಗದ ಬೆಲೆಗೆ ಅದು ಸಾಲುವುದಿಲ್ಲ ಎಂಬ ದೂರು ಅಲ್ಲೂ ಇದೆ. ಆದರೂ ಮನೆ ಬೀಳುವ ಮೊದಲೇ ಕೊಡುತ್ತಾರಲ್ಲ, ಅದು ದೊಡ್ಡದು. ಹೊರರಾಜ್ಯದ ಕಾರ್ಮಿಕರಿಗೆ ಪಾಲಕ್ಕಾಡಿನ ಕಂಜಿಕೋಡ್‌ನಲ್ಲಿ ಅಪ್ನಾ ಘರ್ ಎಂಬ ವಸತಿ ಕಟ್ಟಿದ್ದಾರೆ.

ಬಾಂಗ್ಲಾದೇಶದ ಮೊಂಗ್ಲಾ ಎಂಬ ಬಂದರು ಪೇಟೆಯದ್ದು ಇನ್ನೊಂದು ದಾರಿ. ನೆರೆಗೆ ಒಡ್ಡು ಕಟ್ಟಿ, ಕಾರ್ಖಾನೆ ಕೆಲಸ ಅಲ್ಲೇ ಸಿಗುವ ಹಾಗೆ ಮಾಡಿ, ಊರು ಬಿಟ್ಟವರೆಲ್ಲ ಢಾಕಾಕ್ಕೇ ಹೋಗುವುದನ್ನು ಕಡಿಮೆ ಮಾಡುವ ಪ್ರಯತ್ನ. ನಮ್ಮ ಕುಂದಾಪುರ, ಕಾರ್ಕಳ, ಬಂಟ್ವಾಳದಂಥ ಪೇಟೆಗಳಿಗೆ ಇದು ಯೋಚಿಸುವಂಥದ್ದು. ಬರುವವರು ಎಲ್ಲರೂ ಮಂಗಳೂರಿಗೇ ಬರಬೇಕು ಅಂತೇನಿಲ್ಲ.

2050ರ ಹೊತ್ತಿಗೆ ದಕ್ಷಿಣ ಏಷ್ಯಾದಲ್ಲಿ 4 ಕೋಟಿಯಷ್ಟು ಜನ ತಮ್ಮ ದೇಶದೊಳಗೇ ಹೀಗೆ ಜಾಗ ಬದಲಿಸಬಹುದು ಅಂತ ವಿಶ್ವಬ್ಯಾಂಕ್ 2021ರಲ್ಲಿ ಅಂದಾಜು ಮಾಡಿತ್ತು. ಅದು ಪರಿಸ್ಥಿತಿ ತೀರಾ ಕೆಟ್ಟರೆ ಬರುವ ಲೆಕ್ಕ.

ಅವರ ಊರಿನ ಪಂಚಾಯತ್ ಜೊತೆ ಮಾತಾಡಿ ಪ್ರಯೋಜನ ಇದೆಯಾ?

ಬಹಳ ಇದೆ, ಆದರೆ ಯಾರೂ ಮಾಡುವುದಿಲ್ಲ. ಒಂದೇ ರಾಜ್ಯ, ಒಂದೇ ಇಲಾಖೆ, ಪಿಡಿಒಗೆ ಪಿಡಿಒ ಫೋನ್ ಮಾಡಿದರೆ ಐದು ನಿಮಿಷದ ಕೆಲಸ. ನಿಮ್ಮ ಎಣಿಕೆಯಲ್ಲಿ ಒಂದೇ ಊರಿನ ಹತ್ತಿಪ್ಪತ್ತು ಕುಟುಂಬ ಕಂಡರೆ ಆ ಪಂಚಾಯತ್‌ಗೆ ಮಾಡಿ. ಕೇಳಬೇಕಾದ್ದು ಇಷ್ಟು: ಈ ಮಕ್ಕಳ ಹೆಸರು ಶಾಲೆಯಲ್ಲಿ ಇನ್ನೂ ಇದೆಯಾ, ಸ್ಯಾಟ್ಸ್ ನಂಬರ್ ಕೊಡಿಸುತ್ತೀರಾ. ಮನೆ ಬಿದ್ದದ್ದಕ್ಕೆ ಪರಿಹಾರದ ಪಟ್ಟಿಯಲ್ಲಿ ಇವರ ಹೆಸರು ಇತ್ತಾ, ಸಮೀಕ್ಷೆಯ ದಿನ ಊರಲ್ಲಿ ಇರಲಿಲ್ಲ ಅಂತ ಬಿಟ್ಟುಹೋಗಿದೆಯಾ. ಬೆಳೆ ಪರಿಹಾರ ಬರುವ ಬ್ಯಾಂಕ್ ಖಾತೆ ಚಾಲ್ತಿಯಲ್ಲಿದೆಯಾ. ಉದ್ಯೋಗ ಖಾತ್ರಿ ಕೆಲಸ ಯಾವ ತಿಂಗಳು ಶುರುಮಾಡುತ್ತೀರಿ. ಅವರು ಅದನ್ನು ಹೇಳಿದರೆ ಇಲ್ಲಿ ಮೇಸ್ತ್ರಿಗಳ ಮೂಲಕ ಸುದ್ದಿ ಮುಟ್ಟಿಸಿ. ಊರಲ್ಲೇ ಕೆಲಸ ಇದೆ ಅಂತ ಗೊತ್ತಾದರೆ ಕೆಲವರಾದರೂ ಯುಗಾದಿಗೆ ಹೋದವರು ವಾಪಸ್ ಬರುವುದಿಲ್ಲ, ಬರುವವರು ಯಾವಾಗ ಬರುತ್ತಾರೆ ಅಂತ ನಿಮಗೂ ಗೊತ್ತಿರುತ್ತದೆ.